ರಿಲೇ ಕ್ಲಿಕ್ ಅನ್ನುತ್ತೆ, ಲೋಡ್ ಆನ್ ಆಗಲ್ಲ. ಪ್ಯಾನೆಲ್ ಆನ್ ಇಟ್ಟುಕೊಂಡೇ ದೋಷ ಹುಡುಕುವುದನ್ನು ಬೇಗ ಕಲಿಯುವುದು ಹೇಗೆ?

ಎರಡು ರಿಲೇ ಬದಲಾಯಿಸಿದರೂ ಮತ್ತೆ ಅದೇ ತೊಂದರೆ, ಹತ್ತಿರ ಒಂದು ನಿಯಾನ್ ಟೆಸ್ಟರ್ (ಕರೆಂಟ್ ಇರುವ ಕಡೆ ಮುಟ್ಟಿಸಿದರೆ ಉರಿಯುವ ಸಣ್ಣ ದೀಪದ ಟೆಸ್ಟರ್) ಇದೆ ಅಂತ ಬರೆದಿದ್ದೀರಿ. ಅದನ್ನು ಓದಿ ನನ್ನ ಬಲಗೈ ತೋರುಬೆರಳು ನೋಡಿಕೊಂಡೆ. ತುದಿಯಲ್ಲಿ ಇವತ್ತಿಗೂ ಒಂದು ಬಿಳಿ ಚುಕ್ಕೆ ಇದೆ.

ಆಗ ನಾನು ಮೆಂಟೆನೆನ್ಸ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಯಂತ್ರದ ಪ್ಯಾನೆಲ್‌ನಲ್ಲಿದ್ದ 24 ವೋಲ್ಟ್ ಡಿಸಿ ರಿಲೇ ಪಕ್ಕದ ಯಂತ್ರದ ಸೊಲೆನಾಯ್ಡ್ ವಾಲ್ವನ್ನು, ಅಂದರೆ ಕರೆಂಟಿನಿಂದ ನಡೆಯುವ ಕವಾಟವನ್ನು, ತೆರೆಯಬೇಕಿತ್ತು. ರಿಲೇ ಅಂದರೆ ಕರೆಂಟಿನಿಂದಲೇ ಆನ್ ಆಗುವ ಸ್ವಿಚ್. ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಾಂಟ್ಯಾಕ್ಟ್ ಸೇರಿ ಲೋಡ್‌ಗೆ, ಅಂದರೆ ಅದು ನಡೆಸುವ ಸಾಧನಕ್ಕೆ, ಕರೆಂಟ್ ಹೋಗುತ್ತದೆ. ರಿಲೇಯ ಎಲ್‌ಇಡಿ ಉರಿಯುತ್ತಿತ್ತು, ಕ್ಲಿಕ್ ಕೇಳಿಸುತ್ತಿತ್ತು. ವಾಲ್ವ್ ಮಾತ್ರ ಒಂದು ಸಲ ತೆರೆದರೆ ಇನ್ನೊಂದು ಸಲ ಇಲ್ಲ. ರಿಲೇ ಕಿತ್ತು ಮೇಜಿನ ಮೇಲಿಟ್ಟು 24 ವೋಲ್ಟ್ ಕೊಟ್ಟೆ. ಕಾಂಟ್ಯಾಕ್ಟ್‌ಗೆ ಮೀಟರ್ ಹಿಡಿದೆ, ಬೀಪ್ ಬಂತು. ಸರಿ, ರಿಲೇ ಚೆನ್ನಾಗಿದೆ, ಅದು ಕೂರುವ ಸಾಕೆಟ್‌ನ ಸ್ಕ್ರೂ ಸಡಿಲ ಆಗಿರಬೇಕು ಅಂದುಕೊಂಡೆ.

ನಾನೇನೂ ಸುಮ್ನೆ ಕೈ ಹಾಕಲಿಲ್ಲ. ಪ್ಯಾನೆಲ್‌ನ ಮೇನ್ ಸ್ವಿಚ್ ಆಫ್ ಮಾಡಿದೆ. ಸ್ವಿಚ್‌ನಿಂದ ಆಚೆಗೆ ಮೂರೂ ಫೇಸ್ ನೋಡಿದೆ, ಸೊನ್ನೆ. ಸಾಕೆಟ್‌ನಲ್ಲಿ ಕಾಯಿಲ್‌ನ ಎರಡು ಟರ್ಮಿನಲ್ ಎ1, ಎ2 ನಡುವೆ ನೋಡಿದೆ, ಅದೂ ಸೊನ್ನೆ. ಅಲ್ಲಿಗೆ ಮೀಟರ್ ಕೆಳಗಿಟ್ಟೆ.

ತಪ್ಪಾದದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ಹುಷಾರಾಗಿರುವವರೂ ಇಲ್ಲೇ ಎಡವುತ್ತಾರೆ. ರಿಲೇ ಅಂದರೆ ಒಂದೇ ಸೂರಿನ ಕೆಳಗೆ ಬೇರೆ ಬೇರೆ ಒಲೆ ಹೂಡಿದ ಎರಡು ಸಂಸಾರ. ಕಾಯಿಲ್ ಒಂದು, ಕಾಂಟ್ಯಾಕ್ಟ್ ಇನ್ನೊಂದು. ಎರಡರ ನಡುವೆ ತಂತಿಯ ಸಂಬಂಧವೇ ಇಲ್ಲ. ಸಂಬಂಧ ಬೇಡ ಅಂತಲೇ ಅಲ್ವಾ ನಾವು ರಿಲೇ ಹಾಕುವುದು? ಕಾಯಿಲ್‌ಗೆ ನನ್ನ ಪ್ಯಾನೆಲ್‌ನ 24 ವೋಲ್ಟ್ ಬರುತ್ತಿತ್ತು. ಆದರೆ ಕಾಂಟ್ಯಾಕ್ಟ್‌ನ ಕಾಮನ್, ಅಂದರೆ 11ನೇ ಟರ್ಮಿನಲ್‌ಗೆ, ಪಕ್ಕದ ಪ್ಯಾನೆಲ್‌ನ ಎಂಸಿಬಿಯಿಂದ (ಕರೆಂಟ್ ಜಾಸ್ತಿ ಹರಿದರೆ ತಾನೇ ಟ್ರಿಪ್ ಆಗುವ ಸ್ವಿಚ್) 230 ವೋಲ್ಟ್ ಬರುತ್ತಿತ್ತು. ನನ್ನ ಮೇನ್ ಸ್ವಿಚ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಾನು ಕಾಯಿಲ್ ಕಡೆ ನೋಡಿ ಇಡೀ ಸಾಕೆಟ್‌ನಲ್ಲಿ ಕರೆಂಟ್ ಇಲ್ಲ ಅಂತ ತೀರ್ಮಾನ ಮಾಡಿದ್ದೆ. 11ಕ್ಕೂ ಅರ್ತ್‌ಗೂ ನಡುವೆ ಒಂದು ಸಲ ಮೀಟರ್ ಹಿಡಿದಿದ್ದರೆ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು.

ಆ ತಂತಿಯ ಬಣ್ಣ ಕಿತ್ತಳೆ. ಯಂತ್ರಗಳ ವೈರಿಂಗ್‌ಗೆ ಇರುವ ಐಇಸಿ 60204-1 ಮಾನದಂಡದಲ್ಲಿ, ಮೇನ್ ಆಫ್ ಮಾಡಿದ ಮೇಲೂ ಕರೆಂಟ್ ಉಳಿಯುವ ತಂತಿಗಳಿಗೆ ಆ ಬಣ್ಣ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಅರ್ಥ ಗೊತ್ತಿರಲಿಲ್ಲ. ಹಾಗಂತ ಬಣ್ಣ ಬೇರೆ ಇದ್ದರೆ ಕರೆಂಟ್ ಇಲ್ಲ ಅಂತಲೂ ನಂಬಬೇಡಿ. ಎಲ್ಲರೂ ಆ ನಿಯಮ ಪಾಲಿಸಿರುವುದಿಲ್ಲ.

ಬಲಗೈ ಬೆರಳು 11ರ ಸ್ಕ್ರೂಗೆ ತಾಗಿತು. ಎಡಗೈ ಪ್ಯಾನೆಲ್‌ನ ಕಬ್ಬಿಣದ ಬಾಗಿಲಿನ ಮೇಲಿತ್ತು. ಕೈಯಿಂದ ಕೈಗೆ, ಎದೆಯ ಮೂಲಕ. ಕೂಗಲು ಆಗಲಿಲ್ಲ. ಕಾಲು ಕುಸಿದು ಹಿಂದಕ್ಕೆ ಬಿದ್ದೆ, ಬಿದ್ದದ್ದರಿಂದ ಕೈ ಬಿಟ್ಟಿತು. ಎಂಸಿಬಿ ಟ್ರಿಪ್ ಆಗಲಿಲ್ಲ. ಅದು 6 ಆಂಪ್‌ನದು. ಮನುಷ್ಯನ ಪ್ರಾಣ ತೆಗೆಯುವಷ್ಟು ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಜೀವ ಉಳಿಸಲು ಹಾಕುವ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, 30 ಮಿಲಿಆಂಪ್‌ಗೇ ಟ್ರಿಪ್ ಆಗುತ್ತದೆ. ಆ ಲೈನ್‌ನಲ್ಲಿ ಆರ್‌ಸಿಡಿ ಇರಲಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ರಾತ್ರಿ ಇಟ್ಟುಕೊಂಡರು.

ಹಾಗಾಗಿ ಪ್ಯಾನೆಲ್ ಆನ್ ಇಟ್ಟು ಬೇಗ ಕಲಿಯುವುದು ಹೇಗೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೈವ್ ಪ್ಯಾನೆಲ್ ಕಲಿಯುವ ಜಾಗ ಅಲ್ಲ. 12 ವೋಲ್ಟಿನ ಒಂದು ಸಣ್ಣ ಅಡಾಪ್ಟರ್, ಅದೇ ವೋಲ್ಟಿನ ರಿಲೇ, ಅದೇ ವೋಲ್ಟಿನ ಒಂದು ಬಲ್ಬ್ ತಂದುಕೊಳ್ಳಿ. ಕಾರಿನ ರಿಲೇ ಆದರೆ 85, 86 ಕಾಯಿಲ್, 30 ಕಾಮನ್, 87 ಆನ್ ಆದಾಗ ಸೇರುವ ಕಾಂಟ್ಯಾಕ್ಟ್. ಕಾರ್ ಬ್ಯಾಟರಿ ಬೇಡ, ಶಾರ್ಟ್ ಆದರೆ ತಂತಿ ಕೆಂಪಗೆ ಕಾದುಬಿಡುತ್ತದೆ. ಗೆಳೆಯರ ಕೈಗೆ ಕೊಟ್ಟು, ನಿಮಗೆ ಕಾಣದ ಹಾಗೆ ಒಂದು ದೋಷ ಮಾಡಿ ಕೊಡಲು ಹೇಳಿ. ಕಾಯಿಲ್‌ನ ತಂತಿ ಬಿಚ್ಚಲಿ, ಇಲ್ಲವೇ ಕಾಂಟ್ಯಾಕ್ಟ್ ನಡುವೆ ಕಾಗದದ ಚೂರು ಸಿಕ್ಕಿಸಲಿ. ನೀವು ಹುಡುಕಿ. ಹೀಗೆ ಹದಿನೈದು ದಿನ ಮಾಡಿದರೆ ನಾನು ಎಂಟು ತಿಂಗಳಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ರಿಲೇ ಕೆಟ್ಟಿರಬಹುದು, ಆದರೆ ತಪ್ಪು ಅದರದ್ದಲ್ಲ ಅಂತ ನನಗೆ ಅನಿಸುತ್ತದೆ. ನಾನು ಕೆಲಸಕ್ಕೆ ವಾಪಸ್ ಬಂದ ಮೇಲೆ ನಮ್ಮ ಹಿರಿಯರು ಆ ರಿಲೇಯ ಕವರ್ ಬಿಚ್ಚಿ ತೋರಿಸಿದರು. ಕಾಂಟ್ಯಾಕ್ಟ್ ತುಂಬಾ ಕಪ್ಪು ಕಲೆ, ಗುಳಿ. ಅಂಥ ಕಾಂಟ್ಯಾಕ್ಟ್ ಒಂದು ಸಲ ತಾಗುತ್ತದೆ, ಇನ್ನೊಂದು ಸಲ ಇಲ್ಲ. ಮೇಜಿನ ಮೇಲೆ ತಾಗಿದಾಗ ನನಗೆ ಬೀಪ್ ಸಿಕ್ಕಿತ್ತು, ಅಷ್ಟೇ. ಸೊಲೆನಾಯ್ಡ್ ಆಫ್ ಆಗುವಾಗ ಅದರ ಕಾಯಿಲ್‌ನಿಂದ ದೊಡ್ಡ ವೋಲ್ಟೇಜ್ ಎದ್ದು ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರುತ್ತದೆ. ಅದನ್ನು ತಡೆಯಲು ಡಿಸಿ ಆದರೆ ಡಯೋಡ್, ಎಸಿ ಆದರೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಜೋಡಿ) ಅಥವಾ ವೇರಿಸ್ಟರ್ (ವೋಲ್ಟೇಜ್ ಜಾಸ್ತಿ ಏರದಂತೆ ತಡೆಯುವ ಬಿಡಿಭಾಗ) ಲೋಡ್‌ಗೆ ಅಡ್ಡಲಾಗಿ ಹಾಕಬೇಕು. ನಮ್ಮ ವಾಲ್ವ್‌ಗೆ ಏನೂ ಹಾಕಿರಲಿಲ್ಲ. ಸ್ನಬ್ಬರ್ ಹಾಕಿದ ಮೇಲೆ ರಿಲೇ ಬದಲಾಯಿಸುವುದೇ ನಿಂತಿತು.

ಅನುಭವ ಇರುವವರು ಪಕ್ಕದಲ್ಲಿ ನಿಂತಿರುವಾಗ ಪ್ಯಾನೆಲ್ ತೆರೆಯಿರಿ. ಡ್ರಾಯಿಂಗ್ ನೋಡಿ, ಕರೆಂಟ್ ಬರುವ ಎಲ್ಲ ಕಡೆಯೂ ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೀಟರ್ ಹಿಡಿದು, ಮೀಟರ್ ಸರಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಸಾಕೆಟ್‌ನ ಒಂದೊಂದು ಟರ್ಮಿನಲ್ಲನ್ನೂ ಅರ್ತ್‌ಗೆ ಹಿಡಿದು ನೋಡಿ, ಒಂದಕ್ಕೊಂದು ಹಿಡಿದೂ ನೋಡಿ. ಎಸಿ, ಡಿಸಿ ಎರಡರಲ್ಲೂ ನೋಡಿ. ಕೊನೆಗೆ ಮೀಟರ್ ಇನ್ನೂ ಸರಿ ಇದೆಯಾ ಅಂತ ಮತ್ತೆ ಅದೇ ಮೊದಲ ಜಾಗದಲ್ಲಿ ನೋಡಿ. ನಿಮ್ಮ ಹತ್ತಿರ ಇರುವ ನಿಯಾನ್ ಟೆಸ್ಟರ್ ಇದಕ್ಕೆ ಸಾಲದು. ಅದು ಉರಿಯಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತ ಅಲ್ಲ.

ನಿಮ್ಮ ರಿಲೇ ಯಾವ ಲೋಡನ್ನು ಆನ್ ಮಾಡುತ್ತದೆ ಅಂತ ನೀವು ಬರೆದಿಲ್ಲ. ಮೋಟರಾ, ವಾಲ್ವಾ, ದೀಪವಾ? ಅದನ್ನು ಬರೆಯಿರಿ. 11ಕ್ಕೆ ಬರುವ ತಂತಿ ಎಲ್ಲಿಂದ ಹೊರಡುತ್ತದೆ ಅಂತಲೂ ಡ್ರಾಯಿಂಗ್‌ನಲ್ಲಿ ನೋಡಿ ಬರೆಯಿರಿ. ಅಲ್ಲಿಯವರೆಗೆ ದಯವಿಟ್ಟು ಆ ಸಾಕೆಟ್ ಮುಟ್ಟಬೇಡಿ.