ಓದುಗರ ಪ್ರಶ್ನೆ: ಮಕ್ಕಳಿಗೆ ಮರವನ್ನು ಪರಿಚಯಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಮರವೆಂದರೆ ಎದುರಿನ ರಸ್ತೆಬದಿಯ ಒಂದು ಹೊಂಗೆ ಮಾತ್ರ. ಚಿತ್ರಪುಸ್ತಕ ನೋಡಿ ಇಪ್ಪತ್ತು ಮರಗಳ ಹೆಸರನ್ನು ಪಟಪಟನೆ ಹೇಳುತ್ತಾಳೆ, ಆದರೆ ಆ ಹೊಂಗೆಯತ್ತ ತಿರುಗಿಯೂ ನೋಡುವುದಿಲ್ಲ. ಎಲ್ಲಿಂದ ಆರಂಭಿಸಲಿ?
– ಗೃಹಿಣಿ, ಬೆಂಗಳೂರು

ಉತ್ತರ: ಒಂದು ಹೊಂಗೆ ಧಾರಾಳವಾಗಿ ಸಾಕು. ಹೆಸರುಗಳ ಪಟ್ಟಿಯನ್ನು ಸ್ವಲ್ಪ ದಿನ ಬದಿಗಿಟ್ಟು, ಕೈಗೆಟಕುವ ಕೊಂಬೆಯೊಂದನ್ನು ಬಗ್ಗಿಸಿ ‘ಇಲ್ಲಿರುವುದು ಒಂದು ಎಲೆಯೋ, ಏಳು ಎಲೆಯೋ’ ಎಂದು ಕೇಳಿ. ಅವಳು ಏಳು ಎನ್ನುತ್ತಾಳೆ. ಆಗ ಎಲೆಯ ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ ಪುಟ್ಟ ಮೊಗ್ಗನ್ನು ಹುಡುಕಲು ಹೇಳಿ. ಎಲೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಮೊಗ್ಗು ಇರುತ್ತದೆ. ಕಿರುಎಲೆಗಳ ಬುಡದಲ್ಲಿ ಇರುವುದಿಲ್ಲ. ಹೀಗಾಗಿ ಆ ಏಳೂ ಸೇರಿ ಒಂದೇ ಎಲೆ ಎಂಬುದು ಅವಳಿಗೇ ಗೊತ್ತಾಗುತ್ತದೆ. ಇದೇ ಪರೀಕ್ಷೆಯನ್ನು ಮುಂದೆ ಬೇವಿಗೂ ಹುಣಸೆಗೂ ಅವಳು ತಾನಾಗಿಯೇ ಮಾಡುತ್ತಾಳೆ.

ಎರಡನೆಯದಾಗಿ, ಬಿಸಿಲು ಚೆನ್ನಾಗಿರುವ ಒಂದು ಬೆಳಿಗ್ಗೆ, ಎಲೆ ತುಂಬಿದ ರೆಂಬೆಯ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಹೊದಿಸಿ ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಪಕ್ಕದಲ್ಲೇ ಇನ್ನೊಂದು ಖಾಲಿ ಕವರನ್ನೂ ಅದೇ ರೀತಿ ಕಟ್ಟಿ ತೂಗುಬಿಡಿ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದರ ಒಳಗೆ ನೀರಿನ ಹನಿಗಳು ಕೂಡಿರುತ್ತವೆ. ಮಗು ‘ಮರ ಬೆವರಿದೆ’ ಎಂದರೆ ತಿದ್ದಲು ಹೋಗಬೇಡಿ. ಬೇರು ಹೀರಿದ ನೀರು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬರುತ್ತದೆ ಎಂಬ ವಿವರಣೆಯನ್ನು ಅವಳು ಕೇಳಿದಾಗ ಹೇಳಿದರಾಯಿತು. ಖಾಲಿ ಕವರನ್ನು ಮಾತ್ರ ಮರೆಯಬೇಡಿ. ಹನಿ ಬಂದದ್ದು ಎಲೆಯಿಂದಲೇ ಎನ್ನಲು ಅದೊಂದೇ ಆಧಾರ. ಸಂಜೆಗೆ ಮುನ್ನ ಕವರನ್ನು ಬಿಚ್ಚಿಬಿಡಿ, ಇಲ್ಲದಿದ್ದರೆ ಎಲೆಗಳು ಬೆಂದಂತಾಗುತ್ತವೆ.

ಹೊಂಗೆಗೆ ಇನ್ನೊಂದು ಅನುಕೂಲವಿದೆ: ಅದರ ಎಲೆ ಸಾಮಾನ್ಯವಾಗಿ ‘ಚೆಂದ’ ಇರುವುದಿಲ್ಲ. ಎಲೆಯ ಮೇಲಿನ ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಆದವು. ಬಿಳಿಯ ಕಲೆಗಳು ಎಲೆಯ ಎರಡು ಪದರಗಳ ನಡುವೆ ಕುಳಿತು ತಿನ್ನುವ ಮರಿಹುಳುವಿನ ಕೆಲಸ. ಭೂತಗನ್ನಡಿ ಕೊಟ್ಟು ಬಿಳಿಯ ಕಲೆಯನ್ನು ಬೆಳಕಿಗೆ ಹಿಡಿದು ನೋಡಲು ಬಿಟ್ಟರೆ, ಪುಸ್ತಕದ ನುಣುಪಾದ ಎಲೆಯ ಚಿತ್ರ ಅವಳಿಗೆ ಸಪ್ಪೆ ಎನಿಸುವುದು ಖಂಡಿತ. ಕಂಬಳಿಹುಳು ಇರುವ ಕೊಂಬೆಯನ್ನು ಮಾತ್ರ ಮುಟ್ಟಲು ಬಿಡಬೇಡಿ.

ಕೊನೆಯದಾಗಿ, ನನಗೆ ತುಂಬ ಪ್ರಿಯವಾದ, ಆದರೆ ಒಂದು ವರ್ಷ ಹಿಡಿಯುವ ಪ್ರಯೋಗ. ಹುಟ್ಟುಹಬ್ಬದ ದಿನ ಅವಳನ್ನು ಕಾಂಡಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟದಲ್ಲಿ ತೊಗಟೆಯ ಮೇಲೆ ಬಣ್ಣದ ಬೊಟ್ಟೊಂದನ್ನು ಇಡಿ. ‘ಮುಂದಿನ ವರ್ಷ ಮರ ಬೆಳೆದಿರುತ್ತದೆ, ಬೊಟ್ಟು ಎಲ್ಲಿರುತ್ತದೆ?’ ಎಂದು ಕೇಳಿ ಉತ್ತರವನ್ನು ಬರೆದಿಡಿ. ಮೇಲಕ್ಕೆ ಹೋಗಿರುತ್ತದೆ ಎಂದು ಮಕ್ಕಳೇನು, ದೊಡ್ಡವರೂ ಹೇಳುವುದುಂಟು. ಮರ ಎತ್ತರಕ್ಕೆ ಬೆಳೆಯುವುದು ರೆಂಬೆಗಳ ತುದಿಯಲ್ಲಿ ಮಾತ್ರ. ಕಾಂಡ ದಪ್ಪವಾಗುತ್ತದೆಯೇ ಹೊರತು ಮೇಲಕ್ಕೆ ಎಳೆಯಲ್ಪಡುವುದಿಲ್ಲ. ಬೊಟ್ಟು ಇದ್ದಲ್ಲೇ ಇರುತ್ತದೆ, ಮಗಳ ನೆತ್ತಿ ಅದನ್ನು ದಾಟಿರುತ್ತದೆ.

ಪ್ರಶ್ನೆ: ಮೂರನೆಯ ತರಗತಿಯ ಮಕ್ಕಳಿಗೆ ಉಂಗುರ ಎಣಿಸಿ ಮರದ ವಯಸ್ಸು ತಿಳಿಯುವುದನ್ನು ತೋರಿಸಲು ಮಾವಿನ ದಿಮ್ಮಿಯ ಹೋಳೊಂದನ್ನು ತರಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಬಂತು, ಮರ ಕಡಿಸಿದವರು ಹೇಳಿದ ವಯಸ್ಸಿಗೆ ಯಾವುದೂ ಹೊಂದಲಿಲ್ಲ. ತಪ್ಪು ಎಲ್ಲಾಯಿತು?
– ಶಿಕ್ಷಕರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಪ್ಪು ನಿಮ್ಮದಲ್ಲ, ಮಕ್ಕಳದ್ದೂ ಅಲ್ಲ. ವರ್ಷಕ್ಕೊಂದು ಉಂಗುರ ಎಂಬ ಪಾಠ ಚಳಿದೇಶಗಳಿಂದ ಬಂದದ್ದು. ಅಲ್ಲಿ ಚಳಿಗಾಲದಲ್ಲಿ ಮರದ ಬೆಳವಣಿಗೆ ಪೂರ್ತಿ ನಿಂತು, ವಸಂತದಲ್ಲಿ ಮತ್ತೆ ಆರಂಭವಾಗುವುದರಿಂದ ಗೆರೆ ಸ್ಪಷ್ಟವಾಗಿ ಬೀಳುತ್ತದೆ. ನಮ್ಮಲ್ಲಿ ಬಹಳಷ್ಟು ಮರಗಳಿಗೆ ಹಾಗೆ ನಿಯತವಾದ ಬಿಡುವಿಲ್ಲ, ಗೆರೆ ಮಸುಕಾಗಿರಬಹುದು, ವರ್ಷದಲ್ಲಿ ಎರಡು ಬಿದ್ದಿರಲೂಬಹುದು. ತೇಗ ಇದಕ್ಕೆ ಅಪವಾದ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುವ ಆ ಮರದಲ್ಲಿ ಉಂಗುರಗಳು ಚೆನ್ನಾಗಿ ಕಾಣುತ್ತವೆ. ಬಡಗಿಯ ಅಂಗಡಿಯಲ್ಲಿ ತೇಗದ ತುಂಡೊಂದನ್ನು ಕೇಳಿ ಪಡೆದು, ಮಾವಿನ ಹೋಳಿನ ಪಕ್ಕದಲ್ಲಿಟ್ಟು ‘ಇದು ಏಕೆ ಸ್ಪಷ್ಟ, ಅದು ಏಕೆ ಮಸುಕು’ ಎಂದು ಕೇಳಿದರೆ ಕೈಕೊಟ್ಟ ಪಾಠವೇ ಹೊಸ ಪಾಠವಾಗುತ್ತದೆ.

ನಿಂತ ಮರಗಳಿಗಾದರೆ ಸುತ್ತಳತೆಯೇ ಸರಿ. ಅರಣ್ಯ ಇಲಾಖೆಯವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಮಕ್ಕಳ ಗುಂಪುಗಳನ್ನು ಈ ನಿಯಮ ತಿಳಿಸದೆ ಮೊದಲು ಅಳೆಯಲು ಬಿಡಿ. ಒಂದೇ ಮರಕ್ಕೆ ನಾಲ್ಕು ಅಳತೆ ಬರುತ್ತದೆ, ಜಗಳವೂ ಆಗುತ್ತದೆ, ಎಲ್ಲರೂ ಒಂದೇ ಎತ್ತರದಲ್ಲಿ ದಾರ ಹಿಡಿಯಬೇಕೆಂಬುದನ್ನು ಅವರೇ ಸೂಚಿಸುತ್ತಾರೆ. ಸುತ್ತಳತೆಯಿಂದ ವ್ಯಾಸ ಕಂಡುಹಿಡಿಯುವ ಭಾಗಾಕಾರ ಬಾರದ ಮಕ್ಕಳು ಸುತ್ತಳತೆಯಷ್ಟು ಉದ್ದದ ದಾರಗಳನ್ನು ಕತ್ತರಿಸಿ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದರೆ ಸಾಕು. ಆಲದ ದಾರ ನೆಲ ಮುಟ್ಟುವುದನ್ನು ನೋಡಿದ ಮಗುವಿಗೆ ಬೇರೆ ನಕ್ಷೆ ಬೇಡ. ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೆ ಅಳೆಯಿರಿ.

ಪ್ರಶ್ನೆ: ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂದು ನಮ್ಮ ಅತ್ತೆಯವರು ಮೊಮ್ಮಗನಿಗೆ ಹೇಳಿದ್ದಾರೆ. ಶಾಲೆಯಲ್ಲಿ ಇಲ್ಲ ಎಂದರಂತೆ. ಯಾರಿಗೂ ನೋವಾಗದಂತೆ ಮಗುವಿಗೆ ತೋರಿಸಬಹುದೆ?
– ಓದುಗರು, ಶಿವಮೊಗ್ಗ

ಉತ್ತರ: ಶಾಲೆಯವರು ಹೇಳಿದ್ದೇ ಸರಿ. ಎಲೆ ಆಮ್ಲಜನಕವನ್ನು ಬಿಡುವುದು ಬೆಳಕಿನಲ್ಲಿ ಆಹಾರ ತಯಾರಿಸುವಾಗ. ರಾತ್ರಿ ಅರಳಿಯೂ ನಮ್ಮಂತೆಯೇ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಕಳ್ಳಿ, ಅನಾನಸ್‌ನಂಥ ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರಿ ಕೂಡಿಡುತ್ತವೆ. ಬಹುಶಃ ಆ ಸಂಗತಿಯೇ ಬಾಯಿಂದ ಬಾಯಿಗೆ ಹೋಗುತ್ತ ಬೇರೆ ರೂಪ ತಾಳಿದೆ. ತೋರಿಸಲು ಮೀನಿನ ತೊಟ್ಟಿಯಲ್ಲಿ ಬೆಳೆಸುವ ನೀರುಗಿಡದ ಒಂದು ಕುಡಿ ಬೇಕು. ಅದನ್ನು ತಲೆಕೆಳಗಾಗಿ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬಿಸಿಲಿನಲ್ಲಿಟ್ಟರೆ, ಕತ್ತರಿಸಿದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ನಿಮಿಷಕ್ಕೆ ಎಷ್ಟು ಎಂದು ಮಗು ಎಣಿಸಲಿ, ಬಳಿಕ ರಟ್ಟಿನ ಪೆಟ್ಟಿಗೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಲಿ. ಅರಳಿ ಎಲೆಯನ್ನೇ ನೀರಿನಲ್ಲಿ ಮುಳುಗಿಸುವ ಪ್ರಯೋಗ ಬಹಳ ಕಡೆ ನಡೆಯುತ್ತದೆ, ಆದರೆ ನಲ್ಲಿ ನೀರು ಬಿಸಿಯಾದರೂ ಗುಳ್ಳೆ ಕಟ್ಟುವುದರಿಂದ ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅತ್ತೆಯವರಿಗೆ ಬೇರೆ ಕೆಲಸ ಕೊಡಿ. ಬಲಿತ ಅರಳಿ ಎಲೆಗಳನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ, ಕೊಳೆತ ಹಸಿರನ್ನು ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದರೆ ನರಗಳ ಜಾಲರಿ ಉಳಿಯುತ್ತದೆ. ನೀರು ನಾರುತ್ತದೆ, ತಾಳ್ಮೆ ಬೇಕು. ಇವೆರಡನ್ನೂ ಸಹಿಸುವುದು ಅಜ್ಜಿ ಮೊಮ್ಮಕ್ಕಳಿಗೆ ಒಗ್ಗಿದ ಸಂಗತಿ.

ಪ್ರಶ್ನೆ: ಕಳೆದ ವರ್ಷ ಮಕ್ಕಳು ಆಯ್ದಿಟ್ಟ ಬೇವಿನ ಬೀಜಗಳನ್ನು ಈ ವರ್ಷ ಬಿತ್ತಿದೆವು. ಒಂದೂ ಮೊಳೆಯಲಿಲ್ಲ.
– ಅಂಗನವಾಡಿ ಕಾರ್ಯಕರ್ತೆ, ತುಮಕೂರು ಜಿಲ್ಲೆ

ಉತ್ತರ: ಬೇವಿನ ಬೀಜದ ಜೀವ ಅಷ್ಟು ದಿನ ಉಳಿಯುವುದಿಲ್ಲ. ಮಳೆಗಾಲದ ಆರಂಭದಲ್ಲಿ ಉದುರುವ ಹಣ್ಣಿನ ತಿರುಳನ್ನು ತೊಳೆದು ಒಂದೆರಡು ವಾರದೊಳಗೆ ಬಿತ್ತಬೇಕು. ಹಲಸು, ಮಾವುಗಳದ್ದೂ ಇದೇ ಕತೆ. ಗಟ್ಟಿ ಸಿಪ್ಪೆಯ ಹುಣಸೆ ಮಾತ್ರ ಕಾಯುತ್ತದೆ. ಮೊಳೆಯದ ಬೀಜಗಳನ್ನು ಮಣ್ಣಿನಲ್ಲೇ ಬಿಡದೆ ಮಕ್ಕಳ ಕೈಯಲ್ಲಿ ಅಗೆಸಿ, ಒಡೆದು, ಕೊಳೆತದ್ದೆಷ್ಟು, ಇರುವೆ ತಿಂದದ್ದೆಷ್ಟು, ಒಣಗಿದ್ದೆಷ್ಟು ಎಂದು ಬೇರೆ ಬೇರೆ ಗುಡ್ಡೆ ಮಾಡಿಸಿ.