ಪೇತ್ರನ ಹಟ ಹಿಡಿದ ಸಭಾ ಹಿರಿಯರು

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆಗೆ ಬಂದವರು ಗದಗ-ಬೆಟಗೇರಿ ಕಡೆಯ ಒಂದು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಹಿರಿಯರು, ವಯಸ್ಸು ಐವತ್ತರ ಮೇಲೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ 1841ರಲ್ಲೇ ಕೆಲಸ ಶುರು ಮಾಡಿದ್ದರು, ಹಾಗಾಗಿ ಅಜ್ಜನ ಕಾಲದಿಂದ ಸಭೆಗೆ ದುಡಿದ ಮನೆತನಗಳು ಅಲ್ಲಿವೆ. ಇವರದೂ ಅಂಥದ್ದೇ ಮನೆ. ಕರೆತಂದದ್ದು ಹೆಂಡತಿ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಎದೆ ಭಾರ.

ಎದೆ ಭಾರಕ್ಕೆ ಮೊದಲು ಡಾಕ್ಟರು, ಆಮೇಲೆ ನಾನು ಅಂದೆ. ಇಸಿಜಿ ಮಾಡಿಸಿಕೊಂಡು ಬಂದ ಮೇಲೆಯೇ ಮಾತು ಶುರುವಾಯಿತು.

ಶನಿವಾರ ಚರ್ಚ್ ಗುಡಿಸೋದು, ಜಮಖಾನೆ ಹಾಸೋದು, ಭಾನುವಾರ ಮುಂಜಾನೆ ವಯಸ್ಸಾದವರನ್ನು ಗಾಡಿ ಮೇಲೆ ಕರೆತರೋದು, ಕಾಣಿಕೆ ಲೆಕ್ಕ, ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿಭೋಜನದ ಪಾತ್ರೆ, ಯಾರ ಮನೆಯಲ್ಲಾದರೂ ಸಾವಾದರೆ ರಾತ್ರಿಯೆಲ್ಲ ಅಲ್ಲೇ ಇರೋದು, ಎಲ್ಲ ಇವರೇ. “ಯೇಸುಸ್ವಾಮಿ ಮಾಡಿ ತೋರಿಸ್ಯಾರ್ರಿ, ನಾನೂ ಮಾಡಿ ತೋರಸಾಕತ್ತೀನಿ. ಹಿಂದ ತಿರುಗಿ ನೋಡಿದ್ರ ಒಬ್ಬಾಂವನೂ ಇಲ್ಲ.”

ಹೆಂಡತಿಗೆ ತಡೆಯಲಾಗಲಿಲ್ಲ. “ಯಾರರ ಕಸಬರಿಗಿ ಹಿಡದ್ರ ನೀವು ಕಸಗೊಂತೀರಿ. ಹುಡುಗೂರು ಹಾಸಿದ ಜಮಖಾನಿ ತಗದು ಮತ್ತ ಹಾಸ್ತೀರಿ. ಅವರರ ಯಾಕ ಬರ್ತಾರ?”

ಬೈಬಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಇವರಿಗೆ ಬಾಯಿಪಾಠ. ಸ್ವಾಮಿ ಊಟದಿಂದ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆದ ಪ್ರಸಂಗ. ಅಲ್ಲಿ ನೀವು ಯಾರು ಅಂತ ಕೇಳಿದೆ. ಸುಮ್ಮನಾದರು. ನನ್ನ ಕಣ್ಣಿಗೆ ಇವರು ಆ ಶಿಷ್ಯರಲ್ಲೊಬ್ಬನಾದ ಪೇತ್ರ, ನನ್ನ ಕಾಲು ಮಾತ್ರ ತೊಳೆಯಬೇಡ ಅಂತ ಹಟ ಹಿಡಿದವನು. ಸ್ವಾಮಿ ಆ ಹಟಕ್ಕೆ ಒಪ್ಪಲಿಲ್ಲ, ತೊಳೆಸಿಕೊಳ್ಳದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂದರು. ಆಮೇಲೆ ಹೇಳಿದ್ದೂ ಒಬ್ಬರ ಕಾಲನ್ನು ಒಬ್ಬರು ತೊಳೆಯಿರಿ ಅಂತ. ಎಲ್ಲರದೂ ನೀನೊಬ್ಬನೇ ತೊಳಿ ಅಂತಲ್ಲ, ಅಲ್ವಾ? ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲೂ, ಮೊದಲ ಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಹಂಚುವಲ್ಲಿ ತಕರಾರು ಬಂದಾಗ, ಅಪೊಸ್ತಲರು, ಅಂದರೆ ಸ್ವಾಮಿಯ ಮುಖ್ಯ ಶಿಷ್ಯರು, ತಾವೇ ಸೌಟು ಹಿಡಿಯದೆ ಏಳು ಜನರನ್ನು ನೀವೇ ಆರಿಸಿ ಅಂತ ಸಭೆಗೇ ಬಿಟ್ಟರು.

“ಹಂಗಾರ ನಾ ಕುರ್ಚಿ ಮ್ಯಾಲ ಕುಂದರಬೇಕೇನ್ರಿ?” ಅಂತ ರೇಗಿದರು.

ಅಲ್ಲ. ಪಾತ್ರೆ ತೊಳೆಯೋದು ನಿಮಗೇ ಇರಲಿ, ಅದನ್ನು ಬಿಡಬೇಡಿ ಅಂದೆ. ಅಧಿಕಾರ ಇರುವವರು ಕೀಳು ಕೆಲಸಕ್ಕೆ ಕೈ ಹಾಕೋದನ್ನು ನಾಲ್ಕು ಜನ ನೋಡಬೇಕು, ನಮ್ಮ ಕಡೆ ಅದು ಅಪರೂಪ. ಆದರೆ ಚರ್ಚಿನ ಕೀಲಿಕೈ ಯುವಜನ ಸಂಘದ ಹುಡುಗರಿಗೆ ಕೊಡಿ. ಕಾಣಿಕೆ ಎಣಿಸುವಾಗ ಇನ್ನಿಬ್ಬರು ಕೂತಿರಲಿ, ನಾಳೆ ಮಾತು ಬಂದರೆ ಕಾಯೋದು ಅದೇ. ನೆರವು ಬೇಕಾದರೆ ಹೆಸರು ಹಿಡಿದು ಕೇಳಿ, ಎಲ್ಲರ ಮುಂದೆ ಗೊಣಗಬೇಡಿ. ಜಮಖಾನೆ ಸೊಟ್ಟ ಹಾಸಿದ್ದರೆ ಅದರ ಮೇಲೇ ಕೂತು ಪ್ರಾರ್ಥನೆ ಮಾಡಿ. ನಿಮಗೆ ಜ್ವರ ಬಂದಾಗ ಯಾರಾದರೂ ಗಂಜಿ ತಂದರೆ ವಾಪಸ್ ಕಳಿಸಬೇಡಿ. ಕೊನೆಯದೇ ಇವರಿಗೆ ಎಲ್ಲಕ್ಕಿಂತ ಕಷ್ಟ ಅನ್ನಿಸಿತು.

ತಿಂಗಳ ನಂತರ ಮತ್ತೆ ಬಂದರು. ನಿದ್ದೆ ಸ್ವಲ್ಪ ಸುಧಾರಿಸಿದೆ. ಕೀಲಿಕೈ ಕೊಟ್ಟಿದ್ದಾರೆ, ಆದರೆ ಇನ್ನೊಂದು ಮಾಡಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ ಅಂತ ಹೆಂಡತಿ ಹೇಳಿದರು. ಸದ್ಯ ಇರಲಿ ಬಿಡಿ ಅಂದೆ. ಹುಡುಗರು ತಡ ಮಾಡಿದ ದಿನ ತಾವೇ ಬಾಗಿಲು ತೆಗೆದರಾ, ಹೊರಗೆ ಕಾದರಾ ಅನ್ನೋದನ್ನು ಮುಂದಿನ ಸಲ ಕೇಳಬೇಕು.