ರಷ್ಯನ್ ಆಮೆಗೆ ಚಳಿಗಾಲದಲ್ಲಿ ಕಿಟಕಿ ಬಿಸಿಲು ಸಾಕಾ?

ನೀವು ಮಿಷಿಗನ್‌ನಲ್ಲಿದ್ದೀರಿ, ಮಗಳಿಗೋಸ್ಕರ ರಷ್ಯನ್ ಆಮೆ ತಂದಿದ್ದೀರಿ. ಎರಡು ವಾರದಿಂದ ಅದು ಸರಿಯಾಗಿ ತಿನ್ನುತ್ತಿಲ್ಲ. ಬಿಸಿಲು ಬೀಳುವ ಕಿಟಕಿ ಪಕ್ಕದಲ್ಲೇ ಇದೆ, ಚಳಿಗಾಲ ಪೂರ್ತಿ ಮಲಗುವ ಚಳಿನಿದ್ದೆಗೆ ಜಾರಿದೆ ಅಂತ ಸುಮ್ಮನೆ ಬಿಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ನಾನಿರುವುದು ಚಿಕಾಗೋ ಹತ್ತಿರ. ಆರು ವರ್ಷದಿಂದ ಇದೇ ಜಾತಿಯ ಆಮೆ ಸಾಕುತ್ತಿದ್ದೇನೆ. ಮೊದಲ ಚಳಿಗಾಲದಲ್ಲಿ ನಾನೂ ಅದನ್ನು ಕಿಟಕಿ ಪಕ್ಕ ಇಟ್ಟಿದ್ದೆ. ಬಿಸಿಲಿದೆ, ಮನೆಯಲ್ಲಿ ಹೀಟರ್ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ರಾತ್ರಿ ಹಳೇ ಶಾಲು ಹೊದಿಸುತ್ತಿದ್ದೆ. ಜನವರಿ ಹೊತ್ತಿಗೆ ಮೂಗಲ್ಲಿ ಗುಳ್ಳೆ ಬರತೊಡಗಿತು. ಕತ್ತು ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ನ್ಯುಮೋನಿಯಾ. ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಮೆಗೆ ಆಗುವುದಿಲ್ಲ. ಇಂಜೆಕ್ಷನ್ ಕೊಡಿಸಿದ ಮೇಲೆ ಉಳಿಯಿತು.

ಶಾಲು ಬಿಸಿ ಹುಟ್ಟಿಸುವುದಿಲ್ಲ, ನಮ್ಮ ಮೈಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ ಅಲ್ವಾ? ಆಮೆ ಮೈಬಿಸಿಗೆ ಹೊರಗಿನ ಶಾಖವನ್ನೇ ನಂಬಿದೆ. ಕೋಣೆ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರ ಮೈಯೂ ಹೆಚ್ಚುಕಡಿಮೆ 18. ಕಜಾಕಿಸ್ತಾನ, ಉಜ್ಬೇಕಿಸ್ತಾನದ ಬಯಲಲ್ಲಿ ಇದು ಆಳವಾದ ಬಿಲ ತೋಡಿ ಚಳಿಗಾಲ ಕಳೆಯುತ್ತದೆ. ಸಾಕಿದವರು ಚಳಿನಿದ್ದೆಗೆ ಮಲಗಿಸುವಾಗ 4–6 ಡಿಗ್ರಿಯಲ್ಲಿ ಇಡುತ್ತಾರೆ. ಆಗ ಮೈಯ ಕೆಲಸವೆಲ್ಲ ತೀರಾ ನಿಧಾನವಾಗಿ, ಕೊಬ್ಬು ಬೇಗ ಕರಗುವುದಿಲ್ಲ. ಮನೆಯ ಚಳಿ ಹಾಗಲ್ಲ. ಅದರಲ್ಲಿ ನಿದ್ದೆಯೂ ಬರುವುದಿಲ್ಲ, ತಿಂದದ್ದೂ ಅರಗುವುದಿಲ್ಲ. ಆಮೆ ಒಳಗೊಳಗೇ ಸವೆಯುತ್ತದೆ. ಈ ನಡುವಿನ ಸ್ಥಿತಿಯೇ ಅಪಾಯ. ನಿಮ್ಮದು ಹೊಸ ಆಮೆ, ಸರಿಯಾಗಿ ತಿನ್ನುತ್ತಲೂ ಇಲ್ಲ. ಈ ವರ್ಷ ಪೂರ್ತಿ ಎಚ್ಚರವಾಗಿಯೇ ಇಡಿ.

ಇದು ಗಟ್ಟಿ ಜೀವ, ನಿಜ. 1968ರಲ್ಲಿ ಸೋವಿಯತ್ ನೌಕೆ ಜೋಂಡ್ 5ರಲ್ಲಿ ಚಂದ್ರನನ್ನು ಸುತ್ತಿ ಜೀವಂತ ಮರಳಿದ್ದು ಇದೇ ಜಾತಿಯ ಎರಡು ಆಮೆಗಳು. ಗಟ್ಟಿ ಆಗಿರುವುದರಿಂದಲೇ ಕಾಯಿಲೆ ನಮಗೆ ಗೊತ್ತಾಗುವುದು ತಡ.

ಒಂದು ಮೂಲೆಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಇರಲಿ, ನಿಮ್ಮಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 90–95. ಇನ್ನೊಂದು ತುದಿ 22ರ ಆಸುಪಾಸು. ರಾತ್ರಿ 18ಕ್ಕೆ ಇಳಿದರೆ ಆರೋಗ್ಯವಾಗಿರುವ ಆಮೆಗೆ ತೊಂದರೆಯಿಲ್ಲ. ಇನ್ನೂ ಇಳಿಯುವ ಮನೆಯಾದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಥರ್ಮೋಸ್ಟಾಟ್ ಜೊತೆಗೇ. ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಅದು ಬೇಡ. ಹೊಟ್ಟೆ ಸುಡುತ್ತದೆ.

ಇನ್ನು ಕಿಟಕಿ ಬಿಸಿಲು. ಚಿಪ್ಪು, ಮೂಳೆ ಗಟ್ಟಿಯಾಗಲು ಬೇಕಾದ ಯುವಿಬಿ ಅನ್ನುವ ನೇರಳಾತೀತ ಕಿರಣ ಗಾಜು ದಾಟಿ ಬರುವುದೇ ಇಲ್ಲ. ಟಿ5 ಅನ್ನುವ ಉದ್ದನೆಯ, ತೆಳ್ಳನೆಯ ಯುವಿಬಿ ಟ್ಯೂಬ್ ಲೈಟ್ ತಂದು ದಿನಕ್ಕೆ 12 ಗಂಟೆ ಉರಿಸಿ. ಬೆಳಕು ಹಾಗೇ ಕಂಡರೂ ಯುವಿಬಿ ಕುಗ್ಗುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ.

ಮನೆಯ ಹೀಟರ್ ಗಾಳಿಯನ್ನು ಒಣಗಿಸುತ್ತದೆ. ವಾರಕ್ಕೆ ಎರಡು ಮೂರು ಸಲ ಗಲ್ಲದ ಮಟ್ಟಕ್ಕೆ ಉಗುರುಬೆಚ್ಚನೆ ನೀರಿಟ್ಟು 20 ನಿಮಿಷ ಕೂರಿಸಿ. ಅಡಿಗೆಮನೆ ಸಿಂಕ್ ಬೇಡ, ಅದಕ್ಕೇ ಒಂದು ಬೇಸಿನ್ ಇರಲಿ. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ ಮೇಲೆ ಮಗಳ ಕೈ ಸೋಪು ಹಾಕಿ ತೊಳೆಸಿ. ಅಗೆಯಲು ಒಂದು ಗೇಣು ತೆಂಗಿನನಾರು ಮಣ್ಣು ಹಾಕಿ.

ಡ್ಯಾಂಡೆಲಿಯನ್, ಎಂಡೈವ್ ಸೊಪ್ಪು, ಮೆಕ್ಸಿಕನ್ ಅಂಗಡಿಯ ಪಾಪಾಸುಕಳ್ಳಿ, ದಾಸವಾಳದ ಎಲೆ, ಹೂವು ಕೊಡಿ. ಮೇಲೆ ಚೂರು ಕ್ಯಾಲ್ಸಿಯಂ ಪುಡಿ. ಪಾಲಕ್ ಜಾಸ್ತಿ ಬೇಡ. ಊರಿಂದ ಬಂದಾಗ ನಮ್ಮಮ್ಮ ಪ್ರೀತಿಯಿಂದ ಬಾಳೆಹಣ್ಣು ಕೊಡುತ್ತಿದ್ದರು. ಹಣ್ಣು, ಅನ್ನ, ಚಪಾತಿ ಯಾವುದೂ ಇದರ ಹೊಟ್ಟೆಗೆ ಆಗುವುದಿಲ್ಲ.

ಊರಲ್ಲಿದ್ದು ಇದನ್ನು ಓದುತ್ತಿರುವವರಿಗೊಂದು ಮಾತು. ನಮ್ಮ ನಕ್ಷತ್ರ ಆಮೆಗೆ ಇಂಥ ಚಳಿನಿದ್ದೆ ಇಲ್ಲ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಅದಕ್ಕಿದೆ, ಮನೆಯಲ್ಲಿ ಸಾಕುವಂತಿಲ್ಲ.

ಇವತ್ತೇ ಅಡಿಗೆ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಸರೀಸೃಪ ನೋಡುವ ವೆಟ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳಿ, ಎರಡು ವಾರ ಸರಿಯಾಗಿ ತಿನ್ನದಿರುವುದು ಸಣ್ಣ ವಿಷಯವಲ್ಲ. ಹೊರಡುವ ಮುಂಚೆ ಕಾರಿನ ಹೀಟರ್ ಹಾಕಿ, ಒಳಗೆ ಬೆಚ್ಚಗಾದ ಮೇಲೆ ಆಮೆಯ ಡಬ್ಬಿ ಇಡಿ.